ಒಪ್ಪಿಕೊಂಡರೆ ನೆಮ್ಮದಿ ಅಂತಾರೆ. ಒಪ್ಪಿಕೊಳ್ಳಲು ಏನು ಮಾಡಬೇಕು?

ಹೊಂಗೆನೆರಳು:
ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮನಿಗೆ ಆಲ್ಝೈಮರ್ ಇದೆ. ನಡುಹಂತ ದಾಟಿದೆ ಅಂತ ಡಾಕ್ಟರ್ ಹೇಳಿದ್ದಾರೆ. ಕೆಲವು ದಿನ ನನ್ನನ್ನು ತನ್ನ ಅಕ್ಕ ಅಂದುಕೊಳ್ಳುತ್ತಾರೆ. ಕೆಲವು ದಿನ "ಯಾರಮ್ಮ ನೀನು, ಇಲ್ಲಿ ಯಾಕಿದ್ದೀಯ?" ಅಂತ ಕೇಳುತ್ತಾರೆ. ನೋಡಿಕೊಳ್ಳುವುದು ಕಷ್ಟವೇ, ಆದರೆ ಹೇಗೋ ಮಾಡಿಕೊಂಡು ಹೋಗುತ್ತಿದ್ದೇನೆ. ನನ್ನ ಪ್ರಶ್ನೆ ಅದರ ಬಗ್ಗೆ ಅಲ್ಲ.

ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿ ಹೋಗುತ್ತಾರೆ. "ಒಪ್ಪಿಕೊಂಡುಬಿಡು, ದೇವರ ಮೇಲೆ ಭಾರ ಹಾಕು, ಮನಸ್ಸು ಹಗುರಾಗುತ್ತೆ." ಬಾಯಲ್ಲಿ ಒಪ್ಪಿದ್ದೇನೆ. ರಾತ್ರಿ ಮಲಗಿದ ಮೇಲೆ ಮನಸ್ಸು ಜಗಳಕ್ಕೆ ನಿಲ್ಲುತ್ತದೆ. ಅಮ್ಮನಿಗೇ ಯಾಕೆ ಬಂತು? ನನಗೆ ಮೊದಲೇ ಯಾಕೆ ಗೊತ್ತಾಗಲಿಲ್ಲ? ಬೇರೆ ಡಾಕ್ಟರಿಗೆ ತೋರಿಸಿದ್ದರೆ? ಬೆಳಿಗ್ಗೆ ಏಳುವಾಗಲೇ ಸುಸ್ತು.

ಒಪ್ಪಿಕೊಳ್ಳುವುದು ತಾನಾಗಿ ಬರುತ್ತದಾ, ನಾವು ಏನಾದರೂ ಮಾಡಬೇಕಾ? ಶರಣಾಗು ಅಂದರೆ ಕೈಚೆಲ್ಲಿ ಕೂರು ಅಂತಲಾ? ಅನುಭವ ಇರುವವರು ಹೇಳಿ.

ಸಂಜೆಮಲ್ಲಿಗೆ:
ಓದಿ ತುಂಬಾ ಬೇಜಾರಾಯಿತು. ನಮ್ಮ ಅತ್ತೆಯವರಿಗೂ ಇದೇ ಕಾಯಿಲೆ ಇತ್ತು. ಬೇರೆಯವರ ಉತ್ತರಕ್ಕೆ ನಾನೂ ಕಾಯುತ್ತೇನೆ.

ಹಳೆಮೇಷ್ಟ್ರು:
ತಾಯಿ, ಗೀತೆಯ 18ನೇ ಅಧ್ಯಾಯದ 66ನೇ ಶ್ಲೋಕ ನೋಡಿ. ಎಲ್ಲವನ್ನೂ ಬಿಟ್ಟು ನನ್ನೊಬ್ಬನನ್ನೇ ಶರಣು ಹೊಂದು, ದುಃಖಪಡಬೇಡ ಅಂತ ಕೃಷ್ಣ ಹೇಳುತ್ತಾನೆ. ಎಲ್ಲವನ್ನೂ ನಾನೇ ನಡೆಸುತ್ತಿದ್ದೇನೆ ಅಂದುಕೊಳ್ಳುವುದರಿಂದಲೇ ನಮಗೆ ಜಾಸ್ತಿ ಸಂಕಟ. ಅಮ್ಮನ ಕಾಯಿಲೆಯನ್ನು ನೀವು ತರಲಿಲ್ಲ. ತೆಗೆದುಹಾಕುವುದೂ ನಿಮ್ಮ ಕೈಯಲ್ಲಿಲ್ಲ. ಮಲಗುವ ಮುಂಚೆ ಇಷ್ಟನ್ನು ದೇವರ ಮುಂದೆ ಬಾಯಿ ಬಿಟ್ಟು ಹೇಳಿ. ದಿನಾ ಹೇಳಿ. ಒಂದು ದಿನಕ್ಕೆ ಆಗುವ ಕೆಲಸ ಅಲ್ಲ.

ಕೆಂಡಸಂಪಿಗೆ:
ಮೇಷ್ಟ್ರೇ, ಗೌರವದಿಂದಲೇ ಹೇಳುತ್ತೇನೆ, ಈ ಮಾತು ಕೇಳಿದರೆ ನನಗೆ ಭಯವಾಗುತ್ತದೆ. "ಒಪ್ಪಿಕೋ, ಹೊಂದಿಕೊಂಡು ಹೋಗು, ಎಲ್ಲಾ ಅವನಿಚ್ಛೆ" ಅಂತ ಹೇಳಿ ಎಷ್ಟು ಜನರ ಬಾಯಿ ಮುಚ್ಚಿಸಿದ್ದಾರೆ! ಹೊಡೆಯುವ ಗಂಡನ ಜೊತೆ ಇರುವವಳಿಗೂ ಇದೇ ಮಾತು. ಸಂಬಳ ಸರಿಯಾಗಿ ಕೊಡದ ಮಾಲೀಕನ ಹತ್ತಿರ ದುಡಿಯುವವನಿಗೂ ಇದೇ ಮಾತು.

ಹೊಂಗೆನೆರಳು ಅವರ ಮನೆಯಲ್ಲೂ ನೋಡಿ. ಬಂದವರು ಒಪ್ಪಿಕೋ ಅಂದು ಎದ್ದು ಹೋಗುತ್ತಾರೆ. ಅವರಲ್ಲಿ ಒಬ್ಬರಾದರೂ "ವಾರಕ್ಕೊಂದು ದಿನ ಅಮ್ಮನ ಜೊತೆ ನಾನಿರುತ್ತೇನೆ, ನೀನು ಹೋಗಿ ಮಲಗು" ಅಂದಿದ್ದಾರಾ?

ಹೊಂಗೆನೆರಳು:
ಇಲ್ಲ. ಇದುವರೆಗೆ ಯಾರೂ ಅಂದಿಲ್ಲ.

ನಿಧಾನಿ:
ಕೆಂಡಸಂಪಿಗೆ ಅವರ ಸಿಟ್ಟು ನ್ಯಾಯವಾದದ್ದು. ಆದರೂ ಇಲ್ಲಿ ಎರಡು ವಿಷಯ ಕಲಸಿಹೋಗಿವೆ. ಆಗಿರುವುದನ್ನು ಆಗಿದೆ ಅಂತ ನೋಡುವುದು ಒಂದು. ಆಗಿದ್ದು ಸರಿ, ಹೀಗೇ ಇರಲಿ ಅನ್ನುವುದು ಇನ್ನೊಂದು. ನೆಮ್ಮದಿಗೆ ಬೇಕಾಗಿರುವುದು ಮೊದಲನೆಯದು ಮಾತ್ರ. ಅಮ್ಮನಿಗೆ ಈ ಕಾಯಿಲೆ ಇದೆ, ಇದು ವಾಸಿಯಾಗುವುದಿಲ್ಲ, ನನ್ನ ಗುರುತು ಸಿಗದ ದಿನಗಳು ಇನ್ನೂ ಜಾಸ್ತಿ ಆಗುತ್ತವೆ. ಇದು ನಿಜ. ನನಗೆ ಇದು ಸ್ವಲ್ಪವೂ ಇಷ್ಟ ಇಲ್ಲ. ಅದೂ ನಿಜ. ಎರಡನ್ನೂ ಒಟ್ಟಿಗೆ ಹೇಳಿಕೊಳ್ಳಬಹುದು. ಇಷ್ಟಪಟ್ಟರೆ ಮಾತ್ರ ಒಪ್ಪಿದ ಹಾಗೆ ಅಂದುಕೊಂಡರೆ ಯಾರಿಗೂ ಸಾಧ್ಯವಾಗುವುದಿಲ್ಲ.

ಅಮೆರಿಕದ ಮನಃಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ಅವರ ಕೆಲಸ ಇಲ್ಲಿ ನೆನಪಾಗುತ್ತದೆ. ಸಾಯುವ ಯೋಚನೆ ಬಿಡದೆ ಕಾಡುವವರಿಗೆ ಅವರು ಚಿಕಿತ್ಸೆ ಕೊಡುತ್ತಿದ್ದರು. ನೀವು ಬದಲಾಗಿ, ಬದಲಾಗಿ ಅಂತಷ್ಟೇ ಹೇಳಿದಾಗ ರೋಗಿಗಳಿಗೆ ತಮ್ಮ ನೋವು ಇವರಿಗೆ ಅರ್ಥವೇ ಆಗಿಲ್ಲ ಅನ್ನಿಸುತ್ತಿತ್ತು. ಬರೀ ಒಪ್ಪಿಕೊಳ್ಳುವುದರ ಕಡೆ ಹೋದಾಗ, ಹಾಗಾದರೆ ನಮ್ಮ ಪಾಡು ಇಷ್ಟೇನಾ ಅನ್ನಿಸುತ್ತಿತ್ತು. ಹಾಗಾಗಿ ಎರಡನ್ನೂ ಕೂಡಿಸಿ ಒಂದು ಚಿಕಿತ್ಸಾ ಕ್ರಮ ಕಟ್ಟಿದರು. ಅದಕ್ಕೆ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಅಂತಾರೆ. ಝೆನ್ ಅನ್ನುವ ಬೌದ್ಧ ಧ್ಯಾನದ ಅಭ್ಯಾಸದಿಂದ ತಾವು ಕಲಿತದ್ದನ್ನು ಅದರಲ್ಲಿ ಸೇರಿಸಿದರು.

ಹಗಲುಗನಸು:
ಹಗಲಲ್ಲಿ ಇದೆಲ್ಲ ಸರಿ ಕಾಣುತ್ತದೆ. ರಾತ್ರಿ ಎರಡು ಗಂಟೆಗೆ ನೆನಪಿಗೆ ಬರುತ್ತದಾ?

ತೇಲುದೋಣಿ:
ರಾತ್ರಿ ಎರಡು ಗಂಟೆಯ ವಿಷಯಕ್ಕೇ ಬರುತ್ತೇನೆ. ಡೇನಿಯಲ್ ವೆಗ್ನರ್ ಅನ್ನುವ ಮನಃಶಾಸ್ತ್ರಜ್ಞ 1987ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಅಂತ ಕೆಲವರಿಗೆ ಹೇಳಿದರು. ಯೋಚನೆ ಬಂದಾಗಲೆಲ್ಲ ಗಂಟೆ ಬಾರಿಸಬೇಕು. ಗಂಟೆ ಮತ್ತೆ ಮತ್ತೆ ಬಾರಿಸಿತು. ಆಮೇಲೆ ಈಗ ಬೇಕಾದರೆ ಯೋಚಿಸಿ ಅಂದರು. ಮೊದಲಿನಿಂದಲೇ ಯೋಚಿಸಿ ಅಂತ ಹೇಳಿಸಿಕೊಂಡಿದ್ದವರಿಗಿಂತ ಇವರಿಗೆ ಕರಡಿ ಜಾಸ್ತಿ ನೆನಪಾಯಿತು.

ಹೊಂಗೆನೆರಳು ಅವರೇ, "ನಾನು ಒಪ್ಪಿಕೊಂಡಿದ್ದೇನೆ, ಈ ಯೋಚನೆ ಬರಬಾರದು" ಅಂತ ನೀವು ರಾತ್ರಿ ಹಟ ಹಿಡಿದಿದ್ದೀರಿ ಅನ್ನಿಸುತ್ತದೆ. ಹಾಗಾದರೆ ಅದು ಒಪ್ಪಿಕೊಂಡಿದ್ದಲ್ಲ. ಅಮ್ಮನ ಕಾಯಿಲೆಯನ್ನು ಒಪ್ಪಿಕೊಳ್ಳಲು ಹೋಗಿ ನಿಮ್ಮದೇ ದುಃಖವನ್ನು ಒಪ್ಪಿಕೊಳ್ಳದೆ ದೂಡುತ್ತಿದ್ದೀರಿ. ದುಃಖವೂ ಆಗಿರುವ ಸಂಗತಿಗಳಲ್ಲಿ ಒಂದು. ಮೊದಲು ಅದಕ್ಕೆ ಜಾಗ ಕೊಡಿ.

ಹೊಂಗೆನೆರಳು:
ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಹೌದು, ಯೋಚನೆ ಬಂದ ತಕ್ಷಣ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಆದರೆ ಜಾಗ ಕೊಟ್ಟರೆ ಅದರಲ್ಲೇ ಮುಳುಗಿಹೋಗುವುದಿಲ್ಲವಾ? ಬೆಳಿಗ್ಗೆ ಎದ್ದು ಅಮ್ಮನಿಗೆ ಸ್ನಾನ ಮಾಡಿಸಬೇಕು, ಔಷಧಿ ಕೊಡಬೇಕು.

ತೇಲುದೋಣಿ:
ಜಾಗ ಕೊಡುವುದು ಬೇರೆ, ಅದರ ಜೊತೆ ವಾದಕ್ಕೆ ಇಳಿಯುವುದು ಬೇರೆ. "ಬೇರೆ ಡಾಕ್ಟರಿಗೆ ತೋರಿಸಿದ್ದರೆ" ಅನ್ನುವ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಬೆಳಗಾಗುತ್ತದೆ. "ದುಃಖ ಬಂದಿದೆ, ಎದೆ ಬಿಗಿದಿದೆ, ಗಂಟಲು ಒಣಗಿದೆ" ಅಂತ ಮೈಯಲ್ಲಿ ಆಗುತ್ತಿರುವುದನ್ನು ಗಮನಿಸಿದರೆ ಸಾಕು. ಅದು ಏರುತ್ತದೆ, ಸ್ವಲ್ಪ ಹೊತ್ತು ಇರುತ್ತದೆ, ಇಳಿಯುತ್ತದೆ. ಮತ್ತೆ ಬರಬಹುದು. ಮತ್ತೆ ಅದನ್ನೇ ಮಾಡಿ.

ಬೆಳಗಿನ ಕೆಲಸದ ಬಗ್ಗೆ ಕೇಳಿದಿರಿ. ಜಪಾನಿನ ಮನೋವೈದ್ಯ ಶೋಮಾ ಮೊರಿಟಾ (1874-1938) ಇದನ್ನೇ ಹೇಳುತ್ತಿದ್ದರು. ಭಾವನೆ ನಮ್ಮ ಅಪ್ಪಣೆ ಕೇಳಿ ಬರುವುದಿಲ್ಲ, ಹೋಗು ಅಂದರೆ ಹೋಗುವುದೂ ಇಲ್ಲ. ಅದನ್ನು ಇದ್ದ ಹಾಗೆ ಇರಲು ಬಿಡಿ, ಆ ಹೊತ್ತಿಗೆ ಮಾಡಬೇಕಾದ ಕೆಲಸ ಮಾಡಿ. ದುಃಖ ಮುಗಿದ ಮೇಲೆ ಎದ್ದೇಳುತ್ತೇನೆ ಅಂತ ಕಾಯಬೇಕಾಗಿಲ್ಲ. ದುಃಖ ಇದ್ದಾಗಲೇ ಸ್ನಾನ ಮಾಡಿಸಬಹುದು. ನೀವು ಈಗ ದಿನಾ ಅದನ್ನೇ ಮಾಡುತ್ತಿದ್ದೀರಿ, ಅಲ್ವಾ?

ಬಿಳಿಸೆರಗು:
ನಾನು ನರ್ಸ್. ಚರ್ಚೆ ಚೆನ್ನಾಗಿದೆ, ಆದರೆ ಒಂದು ಮಾತು. ನಿದ್ದೆ ಇಲ್ಲದಿರುವುದು, ಬೆಳಿಗ್ಗೆ ಸುಸ್ತು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ಮೀರಿ ಬಿಡದೆ ಇದ್ದರೆ ಅದು ಖಿನ್ನತೆ ಇರಬಹುದು. ಮರೆವಿನ ರೋಗಿಗಳನ್ನು ನೋಡಿಕೊಳ್ಳುವವರಲ್ಲಿ ಇದು ಸಾಮಾನ್ಯ. ದಯವಿಟ್ಟು ನಿಮಗಾಗಿ ಒಬ್ಬ ಡಾಕ್ಟರನ್ನು ನೋಡಿ. ಖಿನ್ನತೆಗೆ ಚಿಕಿತ್ಸೆ ಇದೆ. ಅದನ್ನು ಸಹಿಸಿಕೊಂಡು ಕೂರುವ ಅಗತ್ಯ ಇಲ್ಲ.

ಕೆಂಡಸಂಪಿಗೆ:
ಬಿಳಿಸೆರಗು ಅವರಿಗೆ ಧನ್ಯವಾದ. ನನಗೆ ಈ ಉತ್ತರವೇ ಬೇಕಿತ್ತು.

ಕಲ್ಲುಬಂಡೆ:
ನನಗೆ ದೇವರಲ್ಲಿ ನಂಬಿಕೆ ಇಲ್ಲ. ಒಪ್ಪಿಕೊಳ್ಳುವುದು ಅರ್ಥವಾಗುತ್ತದೆ. ಶರಣಾಗತಿ ಅರ್ಥವಾಗುವುದಿಲ್ಲ. ಯಾರಿಗೆ ಶರಣಾಗಬೇಕು? ಆಕಾಶಕ್ಕಾ?

ಹಳೆಮೇಷ್ಟ್ರು:
ನಿಮಗೆ ದೇವರು ಬೇಡವಾದರೆ ಬೇಡ. ಆದರೆ ನಾಳೆ ಏನಾಗುತ್ತದೆ ಅನ್ನುವುದು ನಿಮ್ಮ ಕೈಯಲ್ಲಿ ಇಲ್ಲ ಅನ್ನುವುದನ್ನಾದರೂ ಒಪ್ಪುತ್ತೀರಾ? ಅಲ್ಲಿಂದ ಶುರು ಮಾಡಬಹುದು.

ಕಲ್ಲುಬಂಡೆ:
ಪೂರ್ತಿ ನನ್ನ ಕೈಯಲ್ಲಿ ಇಲ್ಲ, ಸರಿ. ಸ್ವಲ್ಪವಾದರೂ ಇದೆ. ಆ ಸ್ವಲ್ಪವನ್ನೂ ಬಿಟ್ಟುಕೊಡಿ ಅಂತ ನೀವು ಹೇಳುವ ಹಾಗೆ ಕೇಳಿಸುತ್ತದೆ. ನನ್ನ ತಕರಾರು ಅದು.

ನಿಧಾನಿ:
ಕಲ್ಲುಬಂಡೆಯವರೇ, ಆ "ಸ್ವಲ್ಪ" ಯಾವುದು ಅನ್ನುವುದನ್ನು ಎಪಿಕ್ಟೆಟಸ್ ತುಂಬಾ ಕಟ್ಟುನಿಟ್ಟಾಗಿ ಗುರುತಿಸಿದ್ದ. ರೋಮನ್ ಸಾಮ್ರಾಜ್ಯದಲ್ಲಿ ಗುಲಾಮನಾಗಿದ್ದು, ಬಿಡುಗಡೆಯಾದ ಮೇಲೆ ತತ್ವಶಾಸ್ತ್ರ ಕಲಿಸಿದವನು. ನಮ್ಮ ಅಭಿಪ್ರಾಯ, ನಮ್ಮ ಬಯಕೆ, ಬೇಡ ಅನ್ನುವ ಭಾವನೆ, ಏನು ಮಾಡಬೇಕು ಅನ್ನುವ ನಿರ್ಧಾರ, ಇವು ನಮ್ಮವು. ದೇಹ, ಆಸ್ತಿ, ಹೆಸರು, ಅಧಿಕಾರ ನಮ್ಮವಲ್ಲ ಅಂದ. ದೇಹವನ್ನೇ ನಮ್ಮ ಕೈಯಲ್ಲಿಲ್ಲದ ಪಟ್ಟಿಗೆ ಹಾಕಿದ್ದು ನೋಡಿ. ನಾವು ಸಾಮಾನ್ಯವಾಗಿ ಇದನ್ನು ತಿರುಗುಮುರುಗು ಮಾಡುತ್ತೇವೆ. ಕೈಯಲ್ಲಿಲ್ಲದ್ದಕ್ಕೆ ಗುದ್ದಾಡುತ್ತೇವೆ, ಕೈಯಲ್ಲಿರುವುದನ್ನು ನೋಡುವುದೇ ಇಲ್ಲ.

ದಾರಿದೀಪ:
ಯಾರಿಗೆ ಶರಣಾಗಬೇಕು ಅನ್ನುವ ಪ್ರಶ್ನೆ ನಮ್ಮ ಮನೆಯಲ್ಲೂ ಬಂದಿತ್ತು. ನಮ್ಮ ಅಣ್ಣ ಕುಡಿತ ಬಿಟ್ಟಿದ್ದು ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಹೋಗಿ. ಆ ಕೂಟ 1935ರಲ್ಲಿ ಅಮೆರಿಕದ ಓಹಾಯೋದ ಆಕ್ರನ್‌ನಲ್ಲಿ ಶುರುವಾದದ್ದು. ಅವರ ಮೊದಲ ಹೆಜ್ಜೆಯೇ, ಕುಡಿತದ ಮುಂದೆ ನನಗೆ ಶಕ್ತಿ ಇಲ್ಲ ಅಂತ ಒಪ್ಪಿಕೊಳ್ಳುವುದು. ಮೂರನೇ ಹೆಜ್ಜೆ, ತಾನು ತಿಳಿದಂತಹ ದೇವರಿಗೆ ತನ್ನನ್ನು ಒಪ್ಪಿಸುವುದು. ಅಣ್ಣನಿಗೆ ದೇವರ ಮೇಲೆ ನಂಬಿಕೆ ಇರಲಿಲ್ಲ. ಸಭೆಯಲ್ಲಿ ಕೂತ ಜನರೇ ನನಗಿಂತ ದೊಡ್ಡ ಶಕ್ತಿ ಅಂದುಕೊಂಡ. ಅಲ್ಲಿ ಯಾರೂ ಅದಕ್ಕೆ ಬೇಡ ಅನ್ನಲಿಲ್ಲ.

ಇನ್ನೊಂದು ಮುಖ್ಯ ವಿಷಯ. ಒಟ್ಟು 12 ಹೆಜ್ಜೆಗಳಿವೆ. ಶರಣಾಗತಿ ಮೂರನೆಯದರಲ್ಲೇ ಬರುತ್ತದೆ. ಆಮೇಲೆ ಇರುವುದೆಲ್ಲ ಕೆಲಸ. ಯಾರಿಗೆ ನೋವು ಮಾಡಿದ್ದೇನೆ ಅಂತ ಪಟ್ಟಿ ಬರೆಯಬೇಕು, ಹೋಗಿ ಸರಿಪಡಿಸಬೇಕು. ಅಣ್ಣ ಅತ್ತಿಗೆಯ ಮುಂದೆ ಕೂತು ಮಾತಾಡಿದ್ದನ್ನು ನಾನು ನೋಡಿದ್ದೇನೆ. ಶರಣಾದವನು ಕೈಚೆಲ್ಲಿ ಕೂರುತ್ತಾನೆ ಅಂತ ಯಾರು ಹೇಳಿದರೂ ನಾನು ನಂಬುವುದಿಲ್ಲ.

ಸಂಜೆಮಲ್ಲಿಗೆ:
ನಿಮ್ಮ ಅಣ್ಣನಿಗೆ ನನ್ನ ನಮಸ್ಕಾರ ತಿಳಿಸಿ.

ಓಲೆಗರಿ:
ಈ ಜಗಳ ಹೊಸದೇನೂ ಅಲ್ಲ. ರಾಮಾನುಜರ ನಂತರ ಶ್ರೀವೈಷ್ಣವರಲ್ಲಿ ಇದೇ ಪ್ರಶ್ನೆ ಮೇಲೆ ಎರಡು ಪಂಗಡಗಳಾದವು. ವಡಗಲೈನವರು ಮಂಗನ ಮರಿಯ ಮಾತು ಹೇಳುತ್ತಾರೆ. ಮರಿ ತಾಯಿಯನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕು, ತಾಯಿ ಹೊತ್ತೊಯ್ಯುತ್ತದೆ. ಹಿಡಿದುಕೊಳ್ಳುವಷ್ಟು ಪ್ರಯತ್ನ ನಮ್ಮದಿರಬೇಕು. ತೆಂಗಲೈನವರು ಬೆಕ್ಕಿನ ಮರಿಯ ಮಾತು ಹೇಳುತ್ತಾರೆ. ಮರಿ ಏನೂ ಮಾಡುವುದಿಲ್ಲ, ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ವೇದಾಂತ ದೇಶಿಕರು ಒಂದು ಕಡೆ, ಪಿಳ್ಳೈ ಲೋಕಾಚಾರ್ಯರು ಇನ್ನೊಂದು ಕಡೆ. ನೂರಾರು ವರ್ಷಗಳಿಂದ ವಾದ ನಡೆದಿದೆ. ಕಲ್ಲುಬಂಡೆಯವರ "ಆ ಸ್ವಲ್ಪ" ಅನ್ನುವುದು ಮಂಗನ ಮರಿಯ ಪಕ್ಷ.

ಹಳೆಮೇಷ್ಟ್ರು:
ನಾನು ಬೆಕ್ಕಿನ ಪಕ್ಷ. ಹಿಡಿದುಕೊಳ್ಳುವ ಶಕ್ತಿಯೂ ಉಡುಗಿದವರಿಗೆ ಏನು ಗತಿ? ಸಾಯುವ ಹೊತ್ತಲ್ಲಿ ಇರುವವರು, ಪ್ರಜ್ಞೆ ಇಲ್ಲದವರು, ಹೊಂಗೆನೆರಳು ಅವರ ಅಮ್ಮನ ಹಾಗೆ ದೇವರ ಹೆಸರೂ ನೆನಪಿಲ್ಲದವರು? ಅವರನ್ನೂ ಎತ್ತಿಕೊಳ್ಳುವವನು ಬೇಕಲ್ಲ.

ಹೊಂಗೆನೆರಳು:
ಮೇಷ್ಟ್ರೇ, ಈ ಮಾತಿಗೆ ಕಣ್ಣು ತುಂಬಿತು. ಅಮ್ಮ ದಿನಾ ಪೂಜೆ ಮಾಡುತ್ತಿದ್ದವರು. ಈಗ ಕೈ ಮುಗಿಯುವುದೂ ಮರೆತಿದೆ. ಅದು ನನ್ನನ್ನು ತುಂಬಾ ಕಾಡುತ್ತಿತ್ತು.

ಕಲ್ಲುಬಂಡೆ:
ನಂಬಿಕೆ ಇಲ್ಲದ ನನಗೂ ಇದು ಹಿಡಿಸಿತು. ಆದರೆ ಕೈಯಲ್ಲಿ ಶಕ್ತಿ ಇರುವವರು ಬೆಕ್ಕಿನ ಮರಿಯ ಹೆಸರು ಹೇಳಿ ಕೂರಬಾರದು.

ಓಲೆಗರಿ:
ಕೂರುವಂತಿಲ್ಲ. ಮೇಷ್ಟ್ರು ಹೇಳಿದ 18.66ರ ಮೂರು ಶ್ಲೋಕ ಹಿಂದೆ, 18.63ರಲ್ಲಿ, ಇದನ್ನೆಲ್ಲ ಪೂರ್ತಿ ವಿಮರ್ಶೆ ಮಾಡಿ ನಿನಗೆ ಇಷ್ಟ ಬಂದಂತೆ ಮಾಡು ಅಂತ ಕೃಷ್ಣ ಹೇಳುತ್ತಾನೆ. ಯೋಚಿಸುವುದನ್ನು ನಿಲ್ಲಿಸು ಅನ್ನಲಿಲ್ಲ. 18.73ರಲ್ಲಿ ಅರ್ಜುನ ನೀನು ಹೇಳಿದಂತೆ ಮಾಡುತ್ತೇನೆ ಅನ್ನುತ್ತಾನೆ. ಕೈಚೆಲ್ಲಿ ಕೂತಿದ್ದು ಮೊದಲ ಅಧ್ಯಾಯದಲ್ಲಿ. ಶರಣಾದ ಮೇಲೆ ಎದ್ದು ನಿಂತ.

ಬೇಸಿಗೆಮಳೆ:
ಇಷ್ಟು ಹೊತ್ತು ಬರೀ ಓದುತ್ತಿದ್ದೆ. ಕೆಂಡಸಂಪಿಗೆ ಅವರು ಹೊಡೆಯುವ ಗಂಡನ ಮಾತು ತೆಗೆದಿದ್ದಕ್ಕೆ ಬರೆಯುತ್ತಿದ್ದೇನೆ. ನನಗೆ ಅಂಥ ಮದುವೆ ಆಗಿತ್ತು. ಹೊಂದಿಕೊಂಡು ಹೋಗು ಅಂತ ಎಲ್ಲರೂ ಹೇಳಿದರು. ಇವರು ಒಂದು ದಿನ ಸರಿಹೋಗುತ್ತಾರೆ, ನಾನು ಇನ್ನೂ ಸ್ವಲ್ಪ ತಾಳಿದರೆ ಸರಿಹೋಗುತ್ತಾರೆ ಅಂತ ವರ್ಷಗಟ್ಟಲೆ ಕಾದೆ. ಅದಕ್ಕೆ ಎಲ್ಲರೂ ಒಪ್ಪಿಕೊಂಡಿದ್ದಾಳೆ, ಒಳ್ಳೆ ಹುಡುಗಿ ಅಂದರು. ನಿಜ ಹೇಳಬೇಕೆಂದರೆ ಆಗ ನಾನು ಏನನ್ನೂ ಒಪ್ಪಿಕೊಂಡಿರಲಿಲ್ಲ. ಇರುವ ಮನುಷ್ಯನನ್ನು ಬಿಟ್ಟು, ಆಗಬಹುದಾದ ಮನುಷ್ಯನ ಜೊತೆ ಬದುಕುತ್ತಿದ್ದೆ.

ಇವರು ಬದಲಾಗುವುದಿಲ್ಲ ಅಂತ ಒಪ್ಪಿಕೊಂಡ ದಿನ ಮನಸ್ಸು ತಣ್ಣಗಾಯಿತು. ಆಶ್ಚರ್ಯ ಅಂದರೆ ಸಿಟ್ಟೂ ಇರಲಿಲ್ಲ. ಮನೆ ಬಿಟ್ಟು ಬಂದೆ. ಒಪ್ಪಿಕೊಂಡಿದ್ದರಿಂದಲೇ ಬಿಟ್ಟು ಬರಲು ಆಯಿತು. ಈಗ ಭಯವಿಲ್ಲದೆ ನಿದ್ದೆ ಮಾಡುತ್ತೇನೆ.

ಕೆಂಡಸಂಪಿಗೆ:
ಬೇಸಿಗೆಮಳೆ ಅವರೇ, ನೀವು ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ಒಪ್ಪಿಕೊಳ್ಳುವುದನ್ನು ಹೀಗೂ ನೋಡಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ. ಅಕ್ಕಮಹಾದೇವಿ ನೆನಪಾದರು. 12ನೇ ಶತಮಾನದಲ್ಲಿ ಚೆನ್ನಮಲ್ಲಿಕಾರ್ಜುನನಿಗೆ ಪೂರ್ತಿ ಶರಣಾದವಳು, ಕೌಶಿಕ ರಾಜನಿಗೆ ತಲೆಬಾಗದೆ ಅರಮನೆ ಬಿಟ್ಟು ಹೊರಟಳು ಅಂತ ಪರಂಪರೆ ಹೇಳುತ್ತದೆ. ದೇವರಿಗೆ ಶರಣಾದರೆ ಕಂಡಕಂಡವರಿಗೆಲ್ಲ ಬಾಗಬೇಕು ಅನ್ನುವವರು ಅವಳನ್ನು ನೋಡಲಿ.

ಹಗಲುಗನಸು:
ಕಾಯಿಲೆಗೆ ಬಂದರೆ ಐದು ಹಂತ ಇದೆಯಲ್ಲ? ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಕೊನೆಗೆ ಒಪ್ಪಿಗೆ. ಹೊಂಗೆನೆರಳು ಅವರು ಈಗ ಚೌಕಾಸಿ ಹಂತದಲ್ಲಿದ್ದಾರೆ. ಒಪ್ಪಿಗೆ ತಾನಾಗಿ ಬರುತ್ತದೆ, ಕಾಯಬೇಕು ಅಷ್ಟೇ.

ಬಿಳಿಸೆರಗು:
ಅದನ್ನು ಹಾಗೆ ಮೆಟ್ಟಿಲಿನಂತೆ ಹಿಡಿಯಬೇಡಿ. ಎಲಿಜಬೆತ್ ಕೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾವಿನ ಹತ್ತಿರ ಇದ್ದ ರೋಗಿಗಳ ಜೊತೆ ಮಾತಾಡಿ. ಆಮೇಲೆ ಜನ ಅದನ್ನು ಎಲ್ಲಾ ದುಃಖಕ್ಕೂ ಅಂಟಿಸಿದರು. ಎಲ್ಲರೂ ಎಲ್ಲಾ ಹಂತ ಹಾಯುವುದಿಲ್ಲ, ಇದೇ ಕ್ರಮದಲ್ಲೂ ಹಾಯುವುದಿಲ್ಲ. ಇವತ್ತು ಒಪ್ಪಿಕೊಂಡವರು ನಾಳೆ ಸಿಟ್ಟಾಗುತ್ತಾರೆ. ಅದರಿಂದ ಹಿಂದೆ ಬಿದ್ದ ಹಾಗೆ ಆಗುವುದಿಲ್ಲ.

ಮರೆವಿನ ಕಾಯಿಲೆಯಲ್ಲಿ ಇನ್ನೊಂದು ತೊಡಕಿದೆ. ಮನುಷ್ಯರು ಕಣ್ಣೆದುರು ಇದ್ದಾರೆ, ಆದರೆ ನಮಗೆ ಗೊತ್ತಿದ್ದವರು ಸ್ವಲ್ಪಸ್ವಲ್ಪವೇ ಹೋಗುತ್ತಿದ್ದಾರೆ. ಪಾಲಿನ್ ಬಾಸ್ ಅನ್ನುವ ಸಂಶೋಧಕಿ 1970ರ ದಶಕದಿಂದ ಇದನ್ನೇ ಅಧ್ಯಯನ ಮಾಡಿದರು. ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರನ್ನು ಮೊದಲು ನೋಡಿದರು, ಆಮೇಲೆ ಮರೆವಿನ ರೋಗಿಗಳ ಮನೆಯವರನ್ನು. ಇದಕ್ಕೆ ಅವರು ಕೊಟ್ಟ ಹೆಸರನ್ನು ಕನ್ನಡದಲ್ಲಿ ಅಸ್ಪಷ್ಟ ನಷ್ಟ ಅನ್ನಬಹುದು. ಇಲ್ಲಿ ಮುಗಿಯಿತು ಅನ್ನುವ ಗೆರೆ ಇಲ್ಲ, ಹಾಗಾಗಿ ಅಳುವುದಕ್ಕೂ ಒಂದು ದಿನ ಅಂತ ಇಲ್ಲ. ಅಮ್ಮ ಇದ್ದಾರೆ, ಅಮ್ಮ ಇಲ್ಲ ಅಂತ ಎರಡನ್ನೂ ಒಟ್ಟಿಗೆ ಹೇಳಿಕೊಳ್ಳಲು ಕಲಿಯಿರಿ ಅನ್ನುತ್ತಾರೆ ಅವರು. ಹೊಂಗೆನೆರಳು ಅವರೇ, ನಿಮಗೆ ಒಪ್ಪಿಕೊಳ್ಳಲು ಇಷ್ಟು ಕಷ್ಟವಾಗುತ್ತಿರುವುದರಲ್ಲಿ ನಿಮ್ಮ ದೌರ್ಬಲ್ಯ ಏನೂ ಇಲ್ಲ.

ಮೌನರಾಗ:
ಒಪ್ಪಿಕೊಂಡರೆ ಔಷಧಿ ಬಿಡಬೇಕು, ವಿಧಿಗೆ ಬಿಡಬೇಕು ಅನ್ನುವವರಿಗೆ ಒಂದು ಉದಾಹರಣೆ. ರಮಣ ಮಹರ್ಷಿಗಳು ತಮ್ಮ ಬಳಿ ಬಂದವರಿಗೆ ಎರಡೇ ದಾರಿ ಹೇಳುತ್ತಿದ್ದರು. ನಾನು ಯಾರು ಅಂತ ವಿಚಾರಿಸು, ಇಲ್ಲದಿದ್ದರೆ ಶರಣಾಗು. ಕೊನೆಯಲ್ಲಿ ಅವರ ತೋಳಿಗೆ ಕ್ಯಾನ್ಸರ್ ಬಂತು. 1949ರಲ್ಲಿ ಡಾಕ್ಟರುಗಳು ಒಂದಕ್ಕಿಂತ ಹೆಚ್ಚು ಸಲ ಶಸ್ತ್ರಚಿಕಿತ್ಸೆ ಮಾಡಿದರು. ಅವರು ಬೇಡ ಅಂತ ಹಟ ಮಾಡಲಿಲ್ಲ. ವಾಸಿಯಾಗಲೇಬೇಕು ಅಂತಲೂ ಹಟ ಹಿಡಿಯಲಿಲ್ಲ. 1950ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಕಲ್ಲುಬಂಡೆ:
ಚಿಕಿತ್ಸೆಗೂ ಒಪ್ಪಿಗೆ, ಫಲಿತಾಂಶಕ್ಕೂ ಒಪ್ಪಿಗೆ. ಇದು ನನಗೆ ಅರ್ಥವಾಗುತ್ತದೆ.

ಹೊಂಗೆನೆರಳು:
ಎಲ್ಲರಿಗೂ ಧನ್ಯವಾದ. ಡಾಕ್ಟರ್ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೇನೆ, ಈ ಸಲ ನನಗಾಗಿ. ತಮ್ಮನಿಗೂ ಫೋನ್ ಮಾಡಿದೆ. ಸುಮ್ನೆ ಕಷ್ಟ ಹೇಳಿಕೊಳ್ಳದೆ, ಇಂಥ ದಿನ ಇಷ್ಟು ಗಂಟೆ ನೀನು ಬರಬೇಕು ಅಂತ ಕೇಳಿದೆ. ನೋಡುತ್ತೇನೆ ಅಂದಿದ್ದಾನೆ.

ಇನ್ನೊಂದು ಪ್ರಶ್ನೆ ಇದೆ. ಅಮ್ಮ ಸಂಜೆ ಹೊತ್ತು "ನಮ್ಮಮ್ಮ ಎಲ್ಲಿ, ಇನ್ನೂ ಯಾಕೆ ಬಂದಿಲ್ಲ?" ಅಂತ ಕೇಳುತ್ತಾರೆ. ಅಜ್ಜಿ ತೀರಿಕೊಂಡು ತುಂಬಾ ವರ್ಷವಾಯಿತು. ನಿಜ ಹೇಳಿದರೆ ಮೊದಲ ಸಲ ಕೇಳಿದ ಹಾಗೆ ಅಳುತ್ತಾರೆ. ಹೇಳದಿದ್ದರೆ ಸುಳ್ಳು ಹೇಳಿದ ಹಾಗೆ. ಇರುವುದನ್ನು ಇದ್ದ ಹಾಗೆ ಒಪ್ಪಿಕೊಳ್ಳಬೇಕು ಅಂದಮೇಲೆ ನಿಜ ಹೇಳಬೇಕಲ್ವಾ?

ಹಳೆಮೇಷ್ಟ್ರು:
ಸುಳ್ಳು ಬೇಡ ತಾಯಿ. ಆದರೆ ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕಾಗಿಯೂ ಇಲ್ಲ.

ಸಂಜೆಮಲ್ಲಿಗೆ:
ನಮ್ಮ ಅತ್ತೆಯವರು ಹೀಗೇ ಕೇಳುತ್ತಿದ್ದರು. ನಾವು ತಿದ್ದಿದಷ್ಟೂ ಗಾಬರಿ ಜಾಸ್ತಿ ಆಗುತ್ತಿತ್ತು. "ಅಮ್ಮ ನೆನಪಾದರಾ? ಅವರು ಏನು ಹಾಡುತ್ತಿದ್ದರು?" ಅಂತ ಕೇಳಿದರೆ ಸುಮಾರು ಹೊತ್ತು ಮಾತಾಡುತ್ತಿದ್ದರು. ನಾವು ಸುಳ್ಳು ಹೇಳಲಿಲ್ಲ, ಸತ್ತ ಸುದ್ದಿಯನ್ನೂ ಮತ್ತೆ ಹೇಳಲಿಲ್ಲ.

ಬಿಳಿಸೆರಗು:
ಸಂಜೆಮಲ್ಲಿಗೆ ಅವರು ಹೇಳಿದ್ದೇ ಸರಿ. ಈ ಕಾಯಿಲೆಯಲ್ಲಿ ನೀವು ಒಪ್ಪಿಕೊಳ್ಳಬೇಕಾದ ಸತ್ಯ ಅಜ್ಜಿಯ ಸಾವಲ್ಲ. ಅಮ್ಮ ಈಗ ಬೇರೆ ಕಾಲದಲ್ಲಿದ್ದಾರೆ ಅನ್ನುವುದು. ಅಮ್ಮ ಹುಡುಕುತ್ತಿರುವುದು ಬಹಳ ಸಲ ಅಜ್ಜಿಯನ್ನೂ ಅಲ್ಲ. ಭಯವೋ, ಹಸಿವೋ, ಬಾತ್‌ರೂಮಿಗೆ ಹೋಗಬೇಕೋ ಅಂತ ಮೊದಲು ನೋಡಿ. ಸಂಜೆ ಕತ್ತಲಾಗುವ ಮುಂಚೆಯೇ ದೀಪ ಹಾಕಿ, ಟಿವಿ ಶಬ್ದ ಕಡಿಮೆ ಮಾಡಿ, ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳಿ. "ನೆನಪಿಲ್ವಾ, ಆಗಲೇ ಹೇಳಿದ್ದೆನಲ್ಲ" ಅನ್ನುವ ಮಾತು ಮಾತ್ರ ಬೇಡ. ತಮ್ಮ ಬಂದಾಗ ಅವರಿಗೂ ಇದನ್ನು ಮೊದಲೇ ಹೇಳಿಕೊಡಿ.